ಒಂದು ವರ್ಷ ಹೊಸ ಕಲಾವಿದರನ್ನು ಹುಡುಕಲೇಬೇಡಿ

ಗ್ಯಾಲರಿ ಇಲ್ಲದ ಬಾಗಲಕೋಟೆಯಲ್ಲಿ ಕುಳಿತು, ನಿಮ್ಮ ಕೆಲಸಕ್ಕೆ ಸ್ಫೂರ್ತಿಯಾಗುವ ಈ ಕಾಲದ ಕಲಾವಿದರನ್ನು ಎಲ್ಲಿ ಹುಡುಕುವುದು, ದಿನಕ್ಕೆ ಎಷ್ಟು ಜನರ ಕೆಲಸ ನೋಡುವುದು ಎಂದು ಕೇಳಿದ್ದೀರಿ. ನಾನು ಇಳಕಲ್ಲಿನವನು. ನವನಗರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದಾಗ ನನ್ನ ಮೊಬೈಲಿನಲ್ಲಿ ‘ಸ್ಫೂರ್ತಿ’ ಎಂಬ ಫೋಲ್ಡರ್ ಇತ್ತು. ಅದರಲ್ಲಿ 1,400 ಚಿತ್ರಗಳಿದ್ದವು.

ರಾತ್ರಿ ಊಟವಾದ ಮೇಲೆ ಗೋಡೆಗೆ ಒರಗಿ ಇನ್ಸ್ಟಾಗ್ರಾಮ್ ತೆರೆದರೆ ಹನ್ನೆರಡಾಗುತ್ತಿತ್ತು. ಬರ್ಲಿನ್, ಸೋಲ್, ಲಾಗೋಸ್, ಎಲ್ಲ ಕಡೆಯ ಕಲಾವಿದರೂ ನನಗೆ ಗೊತ್ತಿದ್ದರು. ಹಾಗೆ ಒಂದು ರಾತ್ರಿ ಕಲಾವಿದೆ ಶೀಲಾ ಗೌಡ ಅವರ ಕೃತಿಯೊಂದರ ಫೋಟೊ ಕಂಡಿತು. ಬಿಳಿ ಗೋಡೆಯ ಮೇಲೆ ಕಡುಗೆಂಪು ಗೆರೆಗಳು ಬಳ್ಳಿಯಂತೆ ಹರಿದು, ಇಳಿದು, ನೆಲದಲ್ಲಿ ಸುರುಳಿ ಸುತ್ತಿದ್ದವು. ನಿದ್ದೆ ಬರಲಿಲ್ಲ. ಗೋಡೆಯ ಮೇಲೆ ಬರೆದ ಚಿತ್ರ ಎಂದುಕೊಂಡೆ. ಹೆಸರು ನೋಡಿದೆ, ಫೋಟೊ ಉಳಿಸಿಕೊಂಡೆ. ಕೆಳಗಿದ್ದ ಮೂರು ಸಾಲಿನ ವಿವರವನ್ನು ಓದಲಿಲ್ಲ.

ನನ್ನ ತಪ್ಪು ಅದೊಂದೇ. ಚಿಕ್ಕದು ಎನಿಸಬಹುದು, ಆದರೆ ಅದಕ್ಕೆ ತೆತ್ತ ಬೆಲೆ ಕೇಳಿ. ಆರು ತಿಂಗಳಲ್ಲಿ ಆರು ಕ್ಯಾನ್ವಾಸ್ ಮಾಡಿದೆ. ಒಂದೊಂದೂ ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಬಿಳಿಯ ಮೇಲೆ ಕೆಂಪು ಅಕ್ರಿಲಿಕ್ ಬಣ್ಣದ ಗೆರೆ. ಬಣ್ಣ, ಬಟ್ಟೆ, ಚೌಕಟ್ಟು ಸೇರಿ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು ಖರ್ಚಾಯಿತು. ಅವನ್ನೇ ಒಂದು ವಿದ್ಯಾರ್ಥಿವೇತನದ ಅರ್ಜಿಗೆ ಲಗತ್ತಿಸಿದೆ. ವಯೋಮಿತಿಯ ಪ್ರಕಾರ ನನಗದು ಕೊನೆಯ ಅವಕಾಶ. ಸಂದರ್ಶನಕ್ಕೂ ಕರೆ ಬಂತು.

ಸಂದರ್ಶನದಲ್ಲಿದ್ದ ಹಿರಿಯ ಕಲಾವಿದೆಯೊಬ್ಬರು, “ಈ ಗೆರೆ ಎಲ್ಲಿಂದ ಬಂತು?” ಎಂದರು. ಮುಚ್ಚಿಡಲಿಲ್ಲ, ಶೀಲಾ ಗೌಡ ಎಂದೆ. “ಆ ಕೃತಿಯನ್ನು ಅವರು ಯಾವುದರಿಂದ ಮಾಡಿದ್ದಾರೆ?” ಅಕ್ರಿಲಿಕ್ ಇರಬೇಕು ಎಂದೆ. ಪಕ್ಕದಲ್ಲಿದ್ದವರು ಪೆನ್ನಿನ ಮುಚ್ಚಳ ಹಾಕಿದರು. “ನಿಮ್ಮದು ಯಾವ ಊರು?” ಇಳಕಲ್ಲು ಎಂದೆ. ಆಕೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, “ಅದು ದಾರ” ಎಂದರು.

ಅದು ದಾರವೇ. 1998ರ ಆ ಕೃತಿಯ ಹೆಸರು ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’. ಸೂಜಿಯ ಕಣ್ಣಿಗೆ ಉದ್ದನೆಯ ದಾರ ಪೋಣಿಸಿ, ಅಂಥ ಎಷ್ಟೋ ದಾರಗಳನ್ನು ಒಟ್ಟುಗೂಡಿಸಿ, ಅಂಟು ಮತ್ತು ಕುಂಕುಮ ಸವರಿ ಹಗ್ಗವಾಗಿಸಿದ್ದಾರೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಹಾಗೆಯೇ ನೇತಾಡುತ್ತವೆ. ನಾನು ಗೆರೆ ಎಂದುಕೊಂಡದ್ದು ಬೆರಳು ಸವೆಯುವಂಥ ದುಡಿಮೆ. ಫೋಟೊದ ಅಂಚಿನಲ್ಲಿ ಸೂಜಿಗಳೂ ಇದ್ದವು; ಬೆಳಕಿನ ಹೊಳಪು ಎಂದು ಬಿಟ್ಟಿದ್ದೆ.

ಮೊಬೈಲು ಮಾಡುವ ಅನಾಹುತ ಇದು. ಅದರಲ್ಲಿ ಎಲ್ಲದಕ್ಕೂ ಅಂಗೈಯಷ್ಟೇ ಅಳತೆ, ಎಲ್ಲವೂ ಗಾಜಿನಷ್ಟೇ ನುಣುಪು. ಇದೇ ಕಲಾವಿದೆ 2009ರಲ್ಲಿ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ‘ಬಿಹೋಲ್ಡ್’ ಎಂಬ ಕೃತಿ ತೋರಿಸಿದರು: ಕಾರಿನ ಬಂಪರುಗಳು, ಅವನ್ನು ಹೊತ್ತ ನಾಲ್ಕು ಕಿಲೋಮೀಟರ್ ಉದ್ದದ ಕೂದಲ ಹಗ್ಗ. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುತ್ತಾರಲ್ಲ, ಅದೇ ಕೂದಲು. ಮೊಬೈಲಿನಲ್ಲಿ ಅದು ಇದ್ದಿಲಿನಿಂದ ಗೀಚಿದ ಹಾಗೆ ಕಾಣುತ್ತದೆ. 1990ರ ದಶಕದ ಆರಂಭದಲ್ಲಿ ಅವರು ಸಗಣಿಯಲ್ಲಿ ಮಾಡಿದ ಕೆಲಸಗಳಿವೆ. ಫೋಟೊದಲ್ಲಿ ಅವು ಬರೀ ಕಂದು ಬಣ್ಣ. ಅಳತೆ ಹೋಯಿತು, ತೂಕ ಹೋಯಿತು, ವಾಸನೆ ಹೋಯಿತು, ಮಾಡಿದ ಕೈಯೂ ಹೋಯಿತು. ಉಳಿದದ್ದು ಹೊರಗಿನ ಆಕಾರ ಮಾತ್ರ. ಆಕಾರದಿಂದ ಸ್ಫೂರ್ತಿ ಪಡೆದವನಿಗೆ ನಕಲು ಮಾಡದೆ ಬೇರೆ ದಾರಿ ಇರುವುದಿಲ್ಲ. ಇದನ್ನು ಕಟುವಾಗಿಯೇ ಹೇಳುತ್ತಿದ್ದೇನೆ.

ವಿದ್ಯಾರ್ಥಿವೇತನ ಸಿಗಲಿಲ್ಲ. ಊರಿಗೆ ಹೋದೆ. ನಮ್ಮ ಮನೆಯಲ್ಲಿ ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ಅವ್ವ ಕೊಂಡಿ ಹಾಕುತ್ತಾಳೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಸೆರಗಿನ ಕೆಂಪು ರೇಷ್ಮೆ ಎಳೆಯನ್ನು ಒಡಲಿನ ಎಳೆಗೆ ಕುಣಿಕೆ ಕುಣಿಕೆಯಾಗಿ ಸಿಕ್ಕಿಸಬೇಕು, ಅದೇ ಕೊಂಡಿ. ಒಂದೇ ಒಂದು ತಪ್ಪಿದರೂ ಸೆರಗಿನ ತೆನೆ ವಿನ್ಯಾಸ ಕೆಡುತ್ತದೆ. ಆ ದಿನ ಬಾಗಿಲಲ್ಲಿ ಚೀಲ ಇಟ್ಟು ನೋಡಿದರೆ ಅವ್ವನ ಮಡಿಲ ತುಂಬ ಕೆಂಪು ಎಳೆಗಳು. ಇಪ್ಪತ್ತೈದು ವರ್ಷ ಅದನ್ನು ದಾಟಿಕೊಂಡೇ ಓಡಾಡಿದವನು ನಾನು. ಮೂರು ಅಡಿಯ ಕ್ಯಾನ್ವಾಸಿನ ಮೇಲೆ ಬಣ್ಣದಲ್ಲಿ ದಾರದ ಚಿತ್ರ ಬರೆದು ಬಂದಿದ್ದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನನ್ನನ್ನು ಉದಾಹರಣೆಯಾಗಿ ಮಾಡಬೇಡಿ. ಬಾದಾಮಿಯ ಕಂಬಗಳನ್ನು ಜಲವರ್ಣದಲ್ಲಿ ಬರೆದು ಪ್ರವಾಸಿಗರಿಗೆ ಮಾರಿ ಎಂದು ನಾನು ಹೇಳುತ್ತಿಲ್ಲ, ಅಂಥವು ಬೇಕಾದಷ್ಟಿವೆ. ದೂರದ ಕಲಾವಿದರು ಬೇಡ ಎಂದೂ ಅಲ್ಲ. ಅಂದ ಹಾಗೆ, ಶೀಲಾ ಗೌಡ ಹುಟ್ಟಿದ್ದು ಭದ್ರಾವತಿಯಲ್ಲಿ. ಓದಿದ್ದು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಆಮೇಲೆ ಬರೋಡಾ, ಶಾಂತಿನಿಕೇತನ, ಲಂಡನ್. ಆ ಕೆನ್ ಶಾಲೆಯನ್ನು ಕಟ್ಟಿದವರು ಆರ್. ಎಂ. ಹಡಪದ, ನಮ್ಮ ಬಾದಾಮಿಯವರು. ಬರ್ಲಿನ್ನಿನ ಸ್ಟುಡಿಯೊಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಿದ್ದ ನನಗೆ ಇದು ತಿಳಿದದ್ದು ಸಂದರ್ಶನದಲ್ಲಿ ಸೋತ ಮೇಲೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ನಿಮಗೆ ಕಲಾವಿದರ ಕೊರತೆಯಿಲ್ಲ, ಇರುವವರೇ ಹೆಚ್ಚಾಗಿದ್ದಾರೆ. ಒಂದು ವರ್ಷ ಒಬ್ಬರನ್ನೇ ಹಿಡಿದುಕೊಳ್ಳಿ. ಚಿತ್ರ ನೋಡುವ ಮೊದಲು ಕೆಳಗಿನ ಸಾಲು ಓದಿ: ಯಾವ ವಸ್ತು, ಎಷ್ಟು ಅಳತೆ, ಯಾವ ವರ್ಷ. ಆ ಅಳತೆಯನ್ನು ಸುಣ್ಣದ ಕಡ್ಡಿಯಿಂದ ನಿಮ್ಮ ಕೋಣೆಯ ಗೋಡೆಯ ಮೇಲೆ ಗುರುತು ಮಾಡಿ ಎದುರಿಗೆ ನಿಲ್ಲಿ. ಮನೆಯ ಮಾಲೀಕರು ಬೈಯುತ್ತಾರೆ, ಬೈಯಲಿ. ನಾನು ಹಾಗೆ ನಿಂತಾಗ ಎಷ್ಟೋ ‘ಮೆಚ್ಚಿನ’ ಕೃತಿಗಳು ನನ್ನ ಕೋಣೆಯಲ್ಲಿ ಹಿಡಿಯಲೇ ಇಲ್ಲ. ಕೆಲವು ಪುಸ್ತಕದ ರಟ್ಟಿಗಿಂತ ಚಿಕ್ಕದಾಗಿದ್ದವು.

ಮತ್ತೆ, ವರ್ಷಕ್ಕೊಮ್ಮೆಯಾದರೂ ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ. ಚಿತ್ರಸಂತೆಯ ಜಂಗುಳಿಗಿಂತ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ನನಗಿಷ್ಟ. ವಾರದ ನಡುವೆ ಹೋದರೆ ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ನಿಂತರೂ ಯಾರೂ ತಳ್ಳುವುದಿಲ್ಲ. ರವಿಕುಮಾರ ಕಾಶಿ ಅವರ ಪ್ರದರ್ಶನವಿದ್ದರೆ ಬಿಡಬೇಡಿ. ಅವರು ಕಾಗದವನ್ನು ತಾವೇ ತಯಾರಿಸಿ ಅದರಲ್ಲಿ ಕೃತಿ ಕಟ್ಟುತ್ತಾರೆ, ಕಲೆಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಾರೆ. ಆ ಕಾಗದದ ತಿರುಳಿನ ಕೆಲಸವನ್ನು ಎದುರಿಗೆ ನಿಂತು ನೋಡಿದಾಗ ನನಗೆ ಮೊದಲು ಕಂಡದ್ದು ಅದರ ನೆರಳು. ಮೊಬೈಲಿನ ಚಿತ್ರಕ್ಕೆ ನೆರಳೆಲ್ಲಿ?

ಈಗ ನಾನು ಮಗ್ಗದಲ್ಲಿ ಸೀರೆ ಕತ್ತರಿಸಿದ ಮೇಲೆ ಉಳಿಯುವ ಹಾಸಿನ ತುಂಡುಗಳಲ್ಲಿ ಕೆಲಸ ಮಾಡುತ್ತೇನೆ. ಮೊದಲ ನಾಲ್ಕು ಕೆಟ್ಟವು. ಐದನೆಯದನ್ನು ಅವ್ವ ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಇಲ್ಲಿ ಮೂರು ಕೊಂಡಿ ತಪ್ಪಿವೆ ಎಂದಳು. ಆ ಮೂರು ಕಡೆ ನಾನು ಬೇಕೆಂದೇ ಬಿಟ್ಟಿದ್ದೆ. ಹೇಳಿದರೆ ನಂಬಲಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಹನ್ನೊಂದು ಕಲಾವಿದರ ಹೆಸರುಗಳಿವೆ. ನಿಮ್ಮ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಎಂದು ಬರೆದಿಲ್ಲ. ಅದನ್ನು ಬರೆಯಿರಿ, ಆಮೇಲೆ ಯಾರ ಕೆಲಸ ನೋಡಬಹುದು ಎಂದು ಒಂದೇ ಒಂದು ಹೆಸರು ಹೇಳುತ್ತೇನೆ.