ನಡುವಿನ ಹೆಸರು ಹುಸೇನ್

ಪ್ರಶ್ನೆ: ನಾನು ತಾಳಿಕೋಟಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದೇನೆ. ಸಂಜೆ ಕಟ್ಟೆ ಮೇಲೆ ನಾಲ್ಕು ಮಂದಿ ಕೂಡುತ್ತೇವೆ. ಮೊನ್ನೆ ಮಾತು ಅಮೆರಿಕದ ಕಡೆ ಹೊರಳಿತು. ‘ಒಬಾಮಾ ಮುಸ್ಲಿಂ. ಮುಚ್ಚಿಟ್ಟುಕೊಂಡು ಅಧ್ಯಕ್ಷ ಆದ. ಹೆಸರಿನಾಗ ಹುಸೇನ್ ಐತಲ್ಲ’ ಅಂತ ಒಬ್ಬ ಗೆಳೆಯ ಪಟ್ಟು ಹಿಡಿದ. ನಾನು ಅಲ್ಲ ಅಂದೆ, ಆದರೆ ಒಪ್ಪಿಸೋಕೆ ಆಗಲಿಲ್ಲ. ನಿಜ ಏನು ಅಕ್ಕಾರ?
— ಒಬ್ಬ ಓದುಗ, ತಾಳಿಕೋಟಿ

ಉತ್ತರ: ತಮ್ಮಾ, ನೀವು ಹೇಳಿದ್ದೇ ಸರಿ. ಒಬಾಮಾ ಕ್ರೈಸ್ತರು. ಹುಟ್ಟಿದ್ದು 1961ರ ಆಗಸ್ಟ್ 4ರಂದು, ಹವಾಯಿಯ ಹೊನೊಲುಲುವಿನಲ್ಲಿ. ತಾಯಿ ಕಾನ್ಸಾಸ್ ರಾಜ್ಯದಲ್ಲಿ ಹುಟ್ಟಿದ ಬಿಳಿಯ ಹೆಣ್ಣುಮಗಳು. ತಂದೆ ಕೀನ್ಯಾದಿಂದ ಓದಲು ಬಂದವರು. ತಂದೆಯ ತಂದೆ ಇಸ್ಲಾಂ ಸೇರಿದ್ದರು, ಹುಸೇನ್ ಅವರ ಹೆಸರು. ಮೊಮ್ಮಗನಿಗೆ ಅಜ್ಜನ ಹೆಸರು ಬರೋದು ನಮ್ಮ ಮನೆಗಳಲ್ಲೂ ಇದ್ದದ್ದೇ ಅಲ್ವಾ? ಒಬಾಮಾ ಚಿಕ್ಕವರಿದ್ದಾಗ ಕೆಲವು ವರ್ಷ ಇಂಡೊನೇಷ್ಯಾದ ಜಕಾರ್ತದಲ್ಲಿ ಬೆಳೆದರು. ದೊಡ್ಡವರಾದ ಮೇಲೆ ಶಿಕಾಗೋದ ಒಂದು ಚರ್ಚಿಗೆ ವರ್ಷಗಟ್ಟಲೆ ನಡೆದುಕೊಂಡರು.

ಹೆಸರು ನೋಡಿ ಧರ್ಮ ಹೇಳಬಹುದು ಅನ್ನೋ ನಿಮ್ಮ ಗೆಳೆಯರಿಗೆ ನಮ್ಮ ಸೀಮೆಯನ್ನೇ ತೋರಿಸಿ. ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗುವಿಗೆ ಹುಸೇನಪ್ಪ ಅಂತ ಹೆಸರಿಟ್ಟ ಹಿಂದೂ ಮನೆಗಳು ನಮ್ಮ ಕಡೆ ಎಷ್ಟಿಲ್ಲ? ಮೊಹರಂನಲ್ಲಿ ಡೋಲಿ ಮುಂದೆ ಹೆಜ್ಜೆ ಹಾಕಿದ ಹುಸೇನಪ್ಪ ಮರುದಿನ ಹನುಮಂತ ದೇವರಿಗೆ ಕಾಯಿ ಒಡೆಯುತ್ತಾನೆ. ಪಾಟೀಲ ಅನ್ನೋ ಅಡ್ಡಹೆಸರು ಲಿಂಗಾಯತರಲ್ಲೂ ಇದೆ, ಜೈನರಲ್ಲೂ ಇದೆ, ಮುಸ್ಲಿಮರಲ್ಲೂ ಇದೆ. ಇನ್ನು ಬರಾಕ್ ಅನ್ನೋ ಹೆಸರಿನ ಬೇರು, ವ್ಯಾಪಾರ ಕುದುರಿದಾಗ ನೀವು ಗಲ್ಲೆ ಮುಂದೆ ಕೂತು ಹೇಳುವ ‘ಬರಕತ್’ ಅನ್ನೋ ಮಾತಿನದ್ದೇ.

ಆದರೂ ಆ ಗಾಳಿಸುದ್ದಿ ಸಾಯಲಿಲ್ಲ. ಪ್ಯೂ ಅನ್ನೋ ಸಂಸ್ಥೆ 2009ರಲ್ಲಿ ಕೇಳಿದಾಗ ನೂರಕ್ಕೆ 11 ಅಮೆರಿಕನ್ನರು ಒಬಾಮಾ ಮುಸ್ಲಿಂ ಅಂದಿದ್ದರು. 2010ರಲ್ಲಿ ಅದು 18ಕ್ಕೆ ಏರಿತು. ದಿನವೂ ಟಿವಿಯಲ್ಲಿ ಕಾಣುವ ಅಧ್ಯಕ್ಷನ ಬಗ್ಗೆ ತಪ್ಪು ತಿಳಿವಳಿಕೆ ಕಡಿಮೆ ಆಗಬೇಕಿತ್ತು, ಜಾಸ್ತಿ ಆಯಿತು! ಹುಟ್ಟಿದ್ದೇ ಅಮೆರಿಕದಲ್ಲಲ್ಲ ಅನ್ನೋ ಗದ್ದಲ ಬೇರೆ. ಕೊನೆಗೆ 2011ರ ಏಪ್ರಿಲ್‌ನಲ್ಲಿ ದೇಶದ ಅಧ್ಯಕ್ಷ ತನ್ನ ಜನ್ಮ ದಾಖಲೆಯ ಪೂರ್ತಿ ಪ್ರತಿಯನ್ನು ಜನರ ಮುಂದೆ ಇಡಬೇಕಾಯಿತು. ಅವರಿಗಿಂತ ಹಿಂದಿನ ಯಾವ ಬಿಳಿಯ ಅಧ್ಯಕ್ಷನಿಗೆ ಈ ಗತಿ ಬಂದಿತ್ತು ಹೇಳಿ? ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಇನ್ನೊಂದು ನೋಡಿ. ಅದೇ ಒಬಾಮಾರನ್ನು 2008ರಲ್ಲಿ ಅವರ ಚರ್ಚಿನ ಪಾದ್ರಿ ಜೆರೆಮಾಯ ರೈಟ್ ಮಾಡಿದ ಬಿರುಸಿನ ಪ್ರವಚನಗಳಿಗಾಗಿಯೂ ಜಗ್ಗಾಡಿದರು. ಒಂದು ಕಡೆ ಮುಸ್ಲಿಂ ಅನ್ನೋದು, ಇನ್ನೊಂದು ಕಡೆ ನಿನ್ನ ಪಾದ್ರಿ ಸರಿಯಿಲ್ಲ ಅನ್ನೋದು. ಮೈಬಣ್ಣದ ವಿಷಯವೂ ಹಾಗೇ. ಕೆಲವರಿಗೆ ಅವರು ಅತಿಯಾಗಿ ಕಪ್ಪು, ಕೆಲವರಿಗೆ ಸಾಕಷ್ಟು ಕಪ್ಪಲ್ಲ. ಆ ವರ್ಷದ ಮಾರ್ಚ್ 18ರಂದು ಫಿಲಡೆಲ್ಫಿಯಾದ ಭಾಷಣದಲ್ಲಿ ಒಬಾಮಾ ಈ ಮಾತನ್ನು ತಾವೇ ಎತ್ತಿದ್ದರು. ಈ ಮನುಷ್ಯ ನಮ್ಮವನಲ್ಲ ಅಂತ ಮನಸ್ಸು ಮೊದಲೇ ತೀರ್ಮಾನ ಮಾಡಿರುತ್ತದೆ. ಕಾರಣಗಳನ್ನು ಆಮೇಲೆ ಹುಡುಕಿಕೊಳ್ಳುತ್ತದೆ.

ಕ್ಲಾಸಿನಲ್ಲಿ ನಾನು ಪ್ರತಿ ವರ್ಷ ಹೇಳುತ್ತಿದ್ದ ಘಟನೆ ಒಂದಿದೆ. 2008ರ ಅಕ್ಟೋಬರ್, ಮಿನೆಸೋಟಾದಲ್ಲಿ ಎದುರಾಳಿ ಜಾನ್ ಮೆಕೇನ್ ಅವರ ಸಭೆ. ಒಬ್ಬ ಹೆಂಗಸು ಮೈಕ್ ಹಿಡಿದು, ಒಬಾಮಾರನ್ನು ನಂಬೋಕಾಗಲ್ಲ, ಅವರು ಅರಬ್ ಅಂದರು. ಮೆಕೇನ್ ಮೈಕ್ ತೆಗೆದುಕೊಂಡು, ಇಲ್ಲಮ್ಮ, ಅವರು ಸಭ್ಯ ಸಂಸಾರಸ್ಥ, ಈ ದೇಶದ ಪ್ರಜೆ, ನನಗೂ ಅವರಿಗೂ ಭಿನ್ನಾಭಿಪ್ರಾಯ ಇದೆ ಅಷ್ಟೇ ಅಂದರು. ತಮ್ಮದೇ ಸಭೆಯಲ್ಲಿ, ತಮ್ಮದೇ ಬೆಂಬಲಿಗರ ಎದುರು ಹಾಗೆ ಹೇಳೋಕೆ ಎದೆ ಬೇಕು. ಆದರೆ ಅರಬ್ ಆಗಿದ್ದರೆ ಸಭ್ಯ ಸಂಸಾರಸ್ಥ ಆಗಿರಬಾರದಾ? ಆ ಪ್ರಶ್ನೆ ಹಾಗೇ ಉಳಿಯಿತು.

ಕೆಲವು ದಿನಗಳಲ್ಲೇ ಕಾಲಿನ್ ಪವೆಲ್ ಟಿವಿಯಲ್ಲಿ ಅದನ್ನು ಎತ್ತಿದರು. ಅವರು ಮೆಕೇನ್ ಪಕ್ಷದವರೇ, ಸೇನೆಯ ದೊಡ್ಡ ಹುದ್ದೆಯಲ್ಲಿದ್ದವರು. ಒಬಾಮಾ ಮುಸ್ಲಿಂ ಅಲ್ಲ, ಆಗಿದ್ದರೂ ಏನೀಗ, ಈ ದೇಶದಲ್ಲಿ ಮುಸ್ಲಿಂ ಆಗಿರೋದು ತಪ್ಪಾ ಅಂತ ಕೇಳಿದರು. ತಾವು ನೋಡಿದ ಒಂದು ಫೋಟೊ ಬಗ್ಗೆಯೂ ಹೇಳಿದರು. ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಒಬ್ಬ ತಾಯಿ ಮಗನ ಸಮಾಧಿ ಕಲ್ಲಿಗೆ ತಲೆ ಇಟ್ಟು ಕೂತಿದ್ದಾಳೆ. ಕಲ್ಲಿನ ಮೇಲೆ ಅರ್ಧಚಂದ್ರ ಮತ್ತು ನಕ್ಷತ್ರ. ಇರಾಕಿನಲ್ಲಿ ಅಮೆರಿಕದ ಪರವಾಗಿ ಹೋರಾಡಿ ಸತ್ತ ಆ ಹುಡುಗನಿಗೆ 20 ವರ್ಷ. ಇದನ್ನು ಹೇಳುವಾಗ ಹಿಂದಿನ ಬೆಂಚಿನವರೂ ಸುಮ್ಮನೆ ಕೇಳುತ್ತಿದ್ದರು.

ಅಮೆರಿಕದವರಿಗೆ ಬುದ್ಧಿ ಹೇಳಿ ನಾನು ಪಾರಾಗುವಂತಿಲ್ಲ. ಹಿಂದೊಮ್ಮೆ ವಿಜಯಪುರದ ನಮ್ಮ ಓಣಿಗೆ ವಾರ್ಡಿನ ಚುನಾವಣೆಗೆ ನಿಂತ ಒಬ್ಬ ಹುಡುಗಿ ಬಂದಳು. ಬಿಸಿಲಲ್ಲಿ ನಡೆದು ಮುಖ ಕೆಂಪಾಗಿತ್ತು. ಕರಪತ್ರ ಕೊಟ್ಟಳು. ಹೆಸರು ನೋಡಿದೆ, ಯಾರೆಂದು ಗೊತ್ತಾಗಲಿಲ್ಲ. ನನ್ನ ಬಾಯಿಂದ ಬಂದ ಮೊದಲ ಮಾತು, ‘ನೀವು ಯಾವ ಪೈಕಿ?’ ಅವಳು ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ, ‘ಅಕ್ಕಾರ, ನಿಮ್ಮ ನಳಕ್ಕ ಎಷ್ಟ ದಿನಕ್ಕೊಮ್ಮೆ ನೀರ ಬರ್ತದ ಅಂತ ಕೇಳಾಕ ಬಂದಿದ್ದೆರಿ’ ಅಂದಳು. ಸಂವಿಧಾನ ಪಾಠ ಮಾಡುವ ನಾನು ತಲೆ ತಗ್ಗಿಸಿದೆ. ಕರಪತ್ರ ತಿರುಗಿಸಿ ನೋಡಿದರೆ ಓಣಿ ಓಣಿಯ ನೀರಿನ ಸರದಿಯನ್ನು ಕೈಯಿಂದ ಬರೆದು ಝೆರಾಕ್ಸ್ ಮಾಡಿಸಿದ್ದಳು.

ನಿಮ್ಮ ಗೆಳೆಯರಿಗೆ ಮೊದಲು ‘ಅಲ್ಲ, ಅವರು ಕ್ರೈಸ್ತರು’ ಅಂತ ಹೇಳಿ, ನಿಜ ಹೇಳಬೇಕು. ಆದರೆ ಅಲ್ಲಿಗೇ ಬಿಡಬೇಡಿ. ‘ಆಗಿದ್ದರೆ ಏನಾಗ್ತಿತ್ತು?’ ಅಂತ ಕೇಳಿ ಸುಮ್ಮನೆ ಕೂಡಿ. ಉತ್ತರ ಅವರೇ ಹುಡುಕಲಿ.

ಪ್ರಶ್ನೆ: ಕಮಲಾ ಹ್ಯಾರಿಸ್ ಚುನಾವಣೆಗೆ ನಿಂತಾಗ ‘ನಮ್ಮವರು’ ಅಂತ ತುಂಬಾ ಖುಷಿಪಟ್ಟೆ. ಅವರು ಸೋತಾಗ ಅತ್ತೇಬಿಟ್ಟೆ. ಅಣ್ಣ ಬೈದ. ಹಾಗೆ ಅನ್ನಿಸೋದು ತಪ್ಪಾ?
— ಒಬ್ಬ ವಿದ್ಯಾರ್ಥಿನಿ, ಇಂಡಿ

ಉತ್ತರ: ತಪ್ಪೇನಿಲ್ಲ ಮಗಳೇ. ಅವರ ತಾಯಿ ಶ್ಯಾಮಲಾ ತಮಿಳು ಮನೆತನದವರು, ಸ್ತನ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡಿದವರು. ತಂದೆ ಜಮೈಕಾದವರು. ಮನೆಯಲ್ಲಿ ಚರ್ಚೂ ಇತ್ತು, ದೇವಸ್ಥಾನವೂ ಇತ್ತು. ಗಂಡ ಯಹೂದಿ. ಇವರು ಯಾವ ಪೈಕಿ? ಮೊದಲು ಭಾರತೀಯಳು ಅನ್ನುತ್ತಿದ್ದವಳು ಈಗ ಕರಿಯಳಾಗಿದ್ದಾಳೆ ಅಂತ ಟ್ರಂಪ್ 2024ರ ಜುಲೈ 31ರಂದು ಶಿಕಾಗೋದಲ್ಲಿ ಕರಿಯ ಪತ್ರಕರ್ತರ ಮುಂದೆಯೇ ಆಡಿದರು. ಎರಡೂ ಒಟ್ಟಿಗೆ ಇರಬಹುದು ಅನ್ನೋದನ್ನು ಅವರು ಒಪ್ಪಲಿಲ್ಲ. ನೀನು ‘ನಮ್ಮವರು’ ಅಂದಾಗ ಜಮೈಕಾದ ಆ ಅರ್ಧ ನಿನಗೂ ಕಾಣಿಸಿರಲಿಕ್ಕಿಲ್ಲ.

ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಆಗಿ, ಆಮೇಲೆ ಸೆನೆಟರ್ ಆಗಿ ಅವರು ಏನು ಮಾಡಿದರು ಅಂತ ಒಂದು ಸಂಜೆ ಕೂತು ಓದು. ಅಣ್ಣನನ್ನೂ ಕೂರಿಸಿಕೋ. ಆಮೇಲೆ ಇಬ್ಬರೂ ಸೇರಿ ನನಗೆ ಇನ್ನೊಂದು ಪತ್ರ ಬರೀರಿ.