ವೆಚ್ಚದ ಅಧ್ಯಯನಕ್ಕೆ ಆಸ್ಪತ್ರೆ ಬಿಲ್ ಒಂದೇ ಸಾಕಾ?
ದಾವಣಗೆರೆಯಲ್ಲಿ ಸಕ್ಕರೆ ಕಾಯಿಲೆಯವರ ಚಿಕಿತ್ಸಾ ವೆಚ್ಚ ಅಳೆಯೋಕೆ ಬಿಲ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಮೊದಲು ಯಾರ ಜೇಬಿನ ಖರ್ಚು ಅಂತ ತೀರ್ಮಾನಿಸಿ: ಸರ್ಕಾರದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಆಸ್ಪತ್ರೆಗೆ ದಾಖಲಾದವರ ಬಿಲ್ ಸೊನ್ನೆ ಇರಬಹುದು, ಸರ್ಕಾರಕ್ಕೆ ಸೊನ್ನೆಯಲ್ಲ. ಎಷ್ಟು ಸಲ ಬಂದರು, ಎಷ್ಟು ದಿನ ಅಡ್ಮಿಟ್ ಆಗಿದ್ದರು, ಯಾವ ಟೆಸ್ಟ್ ಆಯ್ತು ಅನ್ನೋದನ್ನ ರೂಪಾಯಿಯಿಂದ ಬೇರೆಯಾಗಿ ಬರೆದುಕೊಳ್ಳಿ; ದರ ಆಮೇಲೆ ಗುಣಿಸಿದರಾಯ್ತು.

ಬಿಲ್‌ನಲ್ಲಿ ಕಾಣದ್ದೇ ಹೆಚ್ಚು ಕಾಡೋದು. ಜಗಳೂರಿಂದ ಬರೋ ಅಜ್ಜನ ಬಸ್ ಚಾರ್ಜು, ಜೊತೆಗೆ ಬಂದ ಸೊಸೆಯ ಅವತ್ತಿನ ಕೂಲಿ, ಹೊರಗಿನ ಮೆಡಿಕಲ್ ಶಾಪಿನ ಚೀಟಿ. 'ವರ್ಷಕ್ಕೆ ಎಷ್ಟಾಯ್ತಜ್ಜ?' ಅಂದರೆ ಬಾಯಿಗೆ ಬಂದ ಅಂದಾಜು ಹೇಳ್ತಾರೆ, ಪಾಪ. ಹಳೇದು ನೆನಪಿರಲ್ಲ ಅಂತಲೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲೂ (2017-18) ಆಸ್ಪತ್ರೆಗೆ ದಾಖಲಾಗಿದ್ದಕ್ಕೆ ಹಿಂದಿನ 365 ದಿನದ್ದು, ಉಳಿದ ಕಾಯಿಲೆಗೆ ಹಿಂದಿನ 15 ದಿನದ್ದು ಅಷ್ಟೇ ಕೇಳಿದ್ದು. ಚೀಟಿ ಹಾಕಿಡೋಕೆ ಒಂದು ಕವರ್ ಕೊಟ್ಟುಬಿಡಿ.