ಓದುಗರ ಪ್ರಶ್ನೆ: ಮೂರು ಸ್ವೆಟರ್ ಸಾಕಾ?

ಪ್ರಶ್ನೆ: ಮಗ ಎಳ್ಳಮಾವಾಸ್ಯೆ ಊಟ ಮುಗಿಸಿಕೊಂಡು ಓದಲಿಕ್ಕೆ ಶಿಕಾಗೋಗೆ ಹೊರಟಿದ್ದಾನೆ. ಅಲ್ಲಿರುವ ಅವನ ಗೆಳೆಯ ಹೋದ ಚಳಿಗಾಲದ ಮೊಬೈಲ್ ಫೋಟೋ ಕಳಿಸಿದ್ದ. ಮೇಲೆ ಮೈನಸ್ 20 ಅಂತ ಇದೆ, ಕೆಳಗೆ ಮೈನಸ್ 33 ಅಂತ. ಯಾವುದು ಖರೆ? ಮೂರು ಉಣ್ಣೆ ಸ್ವೆಟರ್ ಹೆಣೆದಿಟ್ಟಿದ್ದೇನೆ, ಸಾಕಾಗುತ್ತಾ?
ಒಬ್ಬ ತಾಯಿ, ಭಾಲ್ಕಿ

ಉತ್ತರ: ಎರಡೂ ಖರೆ ಅಕ್ಕಾ. ಮೈನಸ್ 20 ಥರ್ಮಾಮೀಟರ್ ತೋರಿಸುವ ಚಳಿ. ತಾಸಿಗೆ 30 ಕಿ.ಮೀ. ಗಾಳಿ ಬೀಸಿದರೆ ಅದೇ ಚಳಿ ತೆರೆದ ಚರ್ಮಕ್ಕೆ ಮೈನಸ್ 33ರಷ್ಟು ಕಡಿಯುತ್ತದೆ. ಬಿಸಿ ಚಹಾ ಬಶಿಗೆ ಸುರಿದು ಊದುತ್ತೇವಲ್ಲ, ಹಾಗೆಯೇ ಮೈಗೆ ಅಂಟಿಕೊಂಡಿರುವ ಬೆಚ್ಚನೆಯ ಗಾಳಿಯನ್ನು ಹೊರಗಿನ ಗಾಳಿ ಎಳೆದುಕೊಂಡು ಹೋಗುತ್ತದೆ. ಹೊರಗೆ ನಿಲ್ಲಿಸಿದ ಕಾರು ಎಷ್ಟೇ ಗಾಳಿ ಬೀಸಿದರೂ ಮೈನಸ್ 20ಕ್ಕಿಂತ ತಣ್ಣಗಾಗುವುದಿಲ್ಲ. ಎರಡನೇ ಅಂಕಿ ಏನಿದ್ದರೂ ಜೀವ ಇರುವವರಿಗೆ. ಅದು ಮೈನಸ್ 28 ದಾಟಿತು ಅಂದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. 2019ರ ಜನವರಿ ಕೊನೆಗೆ ಶಿಕಾಗೋದಲ್ಲಿ ಥರ್ಮಾಮೀಟರೇ ಮೈನಸ್ 30 ತೋರಿಸಿತ್ತು, ಗಾಳಿ ಸೇರಿದರೆ ಮೈನಸ್ 46!

ಸ್ವೆಟರ್ ಕೊಡಿ, ಬೇಡ ಅನ್ನಲ್ಲ. ಆದರೆ ಹೆಣಿಗೆಯ ಕಣ್ಣುಗಳಲ್ಲಿ ಗಾಳಿ ಸಲೀಸಾಗಿ ನುಗ್ಗುತ್ತದೆ, ಅದಕ್ಕೆ ಮೇಲೊಂದು ಗಾಳಿ ತಡೆಯುವ ಕೋಟು ಬೇಕೇ ಬೇಕು. ಅದನ್ನು ಇಲ್ಲಿ ಕೊಂಡು ದುಡ್ಡು ಹಾಳು ಮಾಡಬೇಡಿ, ಅಲ್ಲಿ ಇಳಿದ ಮೇಲೆ ಮೊದಲು ಅದನ್ನೇ ಕೊಳ್ಳಲಿ. ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಹೀರಿಕೊಂಡು ಒದ್ದೆಯಾಗಿ ಮೈಗೆ ಅಂಟುತ್ತದೆ. ಥರ್ಮಲ್ ಹಾಕಿಕೊಳ್ಳಲಿ. ಕಿವಿ ಮುಚ್ಚುವ ಕುಲಾಯಿ, ನಾಲ್ಕೂ ಬೆರಳು ಒಟ್ಟಿಗೆ ಇರುವಂಥ ಗವಸು, ದಪ್ಪ ಸಾಕ್ಸ್ ಹಾಕಿದರೂ ಬಿಗಿಯಾಗದ ಬೂಟು. ಬೂಟು ಬಿಗಿಯಾದರೆ ಕಾಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಸಾಕ್ಸ್ ಎಷ್ಟು ದಪ್ಪ ಇದ್ದರೇನು.

ನಾನು ಒಂದು ಚಳಿಗಾಲ ಅಂಥ ಊರಲ್ಲಿ ಕಳೆದವಳು. ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲೇ ಬಸ್ಸಿಗೆ ನಿಂತೆ, ನೋಡನೋಡುತ್ತಾ ಜಡೆ ಕಸಬರಿಗೆ ಕಡ್ಡಿ ಹಾಗೆ ಸೆಟೆದುಕೊಂಡಿತ್ತು! ಉಸಿರೆಳೆದರೆ ಮೂಗಿನೊಳಗೆ ಮುಳ್ಳು ಚುಚ್ಚಿದ ಹಾಗೆ.

ಒಂದು ಮಾತು ಮಗನಿಗೆ ಬಾಯಿಪಾಠ ಮಾಡಿಸಿ. ಬೆರಳು, ಕಿವಿ, ಮೂಗಿನ ತುದಿ ಮೊದಲು ಜುಮ್ಮೆಂದು ಆಮೇಲೆ ಮುಟ್ಟಿದರೂ ಗೊತ್ತಾಗದೆ ಬಿಳಿಚಿಕೊಂಡರೆ ಉಜ್ಜಬಾರದು, ಬೆಂಕಿಗೆ ಹಿಡಿಯಲೂಬಾರದು. ನಮಗೆ ಉಜ್ಜುವುದೇ ರೂಢಿ, ಅಲ್ವಾ? ಹೆಪ್ಪುಗಟ್ಟಿದ ಚರ್ಮ ಉಜ್ಜಿದರೆ ಇನ್ನಷ್ಟು ಹಾಳಾಗುತ್ತದೆ, ಜೋಮು ಹಿಡಿದ ಚರ್ಮಕ್ಕೆ ಸುಟ್ಟರೂ ತಿಳಿಯುವುದಿಲ್ಲ. ಒಳಗೆ ಬಂದು ಉಗುರು ಬೆಚ್ಚನೆ ನೀರಲ್ಲಿ ಇಡಬೇಕು, ಡಾಕ್ಟರಿಗೆ ತೋರಿಸಬೇಕು. ಚಳಿಯಲ್ಲಿ ನಡುಗುತ್ತಿದ್ದವರ ಮಾತು ತೊದಲಲು ಶುರುವಾದರೆ ತಡ ಮಾಡದೆ 911ಕ್ಕೆ ಫೋನ್.

ಪ್ರಶ್ನೆ: ಮೇಡಂ, ಬೆಳಿಗ್ಗೆ ಐದಕ್ಕೆ ಬೈಕ್‌ನಲ್ಲಿ ಬೀದರ್‌ಗೆ ಡ್ಯೂಟಿಗೆ ಹೋಗುತ್ತೇನೆ. ಥಂಡಿಗೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಿಕ್ಕೇ ಆಗಲ್ಲ.
ಹುಮನಾಬಾದ್ ಓದುಗ

ಉತ್ತರ: ನಿಮಗೂ ಅದೇ ಲೆಕ್ಕ ತಮ್ಮಾ. ಗಾಳಿ ಬೀಸದಿದ್ದರೂ ಬೈಕ್ ಓಡಿಸಿ ನೀವೇ ಗಾಳಿ ಮಾಡಿಕೊಳ್ಳುತ್ತೀರಿ. 8 ಡಿಗ್ರಿ ಚಳಿಯಲ್ಲಿ 50ರ ಸ್ಪೀಡ್ ಅಂದರೆ ಕೈಗೆ ಸುಮಾರು 3 ಡಿಗ್ರಿ ಅನ್ನಿಸುತ್ತದೆ. ಸೊನ್ನೆಗಿಂತ ಮೇಲಿರುವುದರಿಂದ ಬೆರಳು ಹೆಪ್ಪುಗಟ್ಟುವ ಭಯ ಇಲ್ಲ, ಆದರೆ ಬ್ರೇಕ್ ಒತ್ತಲಾಗದ ಕೈ ಲಾರಿ ಓಡಾಡುವ ರಸ್ತೆಯಲ್ಲಿ ಸಾಕಷ್ಟು ಅಪಾಯ. ಉಣ್ಣೆ ಗವಸಿನ ಮೇಲೆ ರೆಕ್ಸಿನ್ ಗವಸು ಹಾಕಿ. ಜಾಕೆಟ್ ಒಳಗೆ ಎದೆಗೆ ಒಂದು ಪೇಪರ್ ಮಡಿಚಿಟ್ಟುಕೊಳ್ಳಿ. ಜೋಮು ಹಿಡಿಯಿತು ಅನ್ನಿಸಿದರೆ ನಿಲ್ಲಿಸಿ ಚಹಾ ಕುಡಿಯಿರಿ, ಹತ್ತು ನಿಮಿಷ ಲೇಟಾದರೆ ಆಗಲಿ.

ಪ್ರಶ್ನೆ: ಅಜ್ಜಿ ರಾತ್ರಿ ಬಾಗಿಲು, ಕಿಟಕಿ ಹಾಕಿಕೊಂಡು ಮಂಚದ ಪಕ್ಕ ಕೆಂಡದ ಬೋಗುಣಿ ಇಟ್ಟುಕೊಂಡು ಮಲಗುತ್ತಾರೆ. ತೊಂದರೆ ಇಲ್ಲ ತಾನೆ?
ಕಲಬುರಗಿಯಿಂದ ಮೊಮ್ಮಗಳು

ಉತ್ತರ: ಇದೆ. ಇವತ್ತೇ ನಿಲ್ಲಿಸಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಎರಡು ಕೌದಿ ಹೊದಿಸಿ, ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಹತ್ತಿರ ಇಡಿ. ಬೋಗುಣಿ ಕಿತ್ತುಕೊಂಡಿದ್ದಕ್ಕೆ ಅಜ್ಜಿ ಬೈಯ್ಯುತ್ತಾರೆ, ಬೈಸಿಕೊಳ್ಳಿ.